ಅಂಗಾಲಿಗೆ ಮುಟ್ಟಿದ ಗರಿ

ಉಬ್ರಾಣಿ
ಕಾರ್ತಿಕದ ಮೂರನೇ ಸೋಮವಾರ, ೧೯೮೯

ನನ್ನ ಮಗಳು ಅಂಜಿನಿಗೆ,

ನಿನ್ನ ಅವ್ವ ಹನುಮಂತಮ್ಮ ಬರೆಯುವುದು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆಯಬೇಕಂತೆ. ನಿಮ್ಮಪ್ಪ ಚೆನ್ನಾಗಿದ್ದಾರೆ, ಶೆಡ್ಡಿನಲ್ಲಿರುವ ಕೋಳಿಗಳೂ ಚೆನ್ನಾಗಿವೆ. ನಾನು ಮಾತ್ರ ನಿನ್ನ ಕಾಗದ ಬಂದ ಎಂಟು ದಿನದಿಂದ ಸರಿಯಾಗಿ ಉಂಡಿಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿಲ್ಲ, ಜಗಳೂರಿನಲ್ಲಿ ಅತ್ತೆ ಮನೆಯಲ್ಲೇ ಇರುತ್ತೇನೆ ಎಂದು ಬರೆದಿದ್ದೀಯ. ಯಾಕೆ ಎಂದೂ ಬರೆದಿದ್ದೀಯ. "ನನ್ನನ್ನೇ ಎತ್ತಿಕೊಳ್ಳದವಳು ನನ್ನ ಕೂಸನ್ನ ಎತ್ತಿಕೊಂತೀಯೇನವ್ವ?" ನಿಮ್ಮಪ್ಪ ಹೊಸ್ತಿಲ ಮೇಲೆ ಕೂತು, "ಏನು ಬರೆದೈತೆ, ಓದು ಓದು" ಎಂದು ಅವಸರ ಮಾಡುತ್ತಿದ್ದರು. ಅವರಿಗೆ ಅಕ್ಷರ ಬಾರದಿದ್ದದ್ದು ಆವತ್ತು ಒಳ್ಳೆಯದೇ ಆಯಿತು. ಆ ಒಂದು ಸಾಲು ಬಿಟ್ಟು ಮಿಕ್ಕಿದ್ದನ್ನು ಓದಿ ಹೇಳಿದೆ.

ನೀನು ಬರೆದದ್ದು ಸುಳ್ಳಲ್ಲ. ನಿನಗೆ ನಾಲ್ಕು ವರ್ಷ ತುಂಬಿದ ಮೇಲೆ ನಾನು ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡಿಲ್ಲ. ಎಣ್ಣೆ ಹಚ್ಚಿ ನೀರು ಹಾಕಿದವಳು ನಿನ್ನ ಅಜ್ಜಿ. ಜಡೆ ಹಾಕಿದವಳೂ ಅಜ್ಜಿಯೇ. ಹದಿನೈದು ವರ್ಷ ನಾನು ಇದರ ಕಾರಣವನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದೇನೆ. ಈಗ ಹೇಳದಿದ್ದರೆ ನಿನ್ನನ್ನು ಕಳೆದುಕೊಳ್ಳುತ್ತೇನೆ. ಹೇಳಿ, ಅದು ನಿನ್ನ ಅತ್ತೆಯ ಕಿವಿಗೆ ಬಿದ್ದರೆ ನಿನ್ನ ಬಾಳು ಕೆಡಿಸಿದವಳು ಆಗುತ್ತೇನೆ. ಅದಕ್ಕೇ ಅಂಚೆಗೆ ಹಾಕದೆ ನಿಮ್ಮಪ್ಪನ ಕೈಯಲ್ಲಿ ಕಳಿಸಿದ್ದೇನೆ. ಹಿತ್ತಲಿಗೆ ಹೋಗಿ ಒಬ್ಬಳೇ ಓದಿಕೋ. ಓದಿದ ಮೇಲೆ ಒಲೆಗೆ ಹಾಕು, ಪೂರ್ತಿ ಉರಿಯುವವರೆಗೆ ಅಲ್ಲೇ ನಿಂತಿರು.

ಎಪ್ಪತ್ತನಾಲ್ಕನೇ ಇಸವಿ. ನಿಮ್ಮಪ್ಪ ಆಗ ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಅಲ್ಲಿ ಯಾರೋ ಮಾಂಸದ ಕೋಳಿ ಸಾಕಣೆಯ ಸುದ್ದಿ ತಲೆಗೆ ತುಂಬಿದರು. ಊರ ಕೋಳಿಯಂತೆ ಕೆದಕಿ ತಿನ್ನುವುದಲ್ಲ, ಕೂತಲ್ಲೇ ತಿಂದು ಹತ್ತು ವಾರಕ್ಕೆ ತಕ್ಕಡಿ ಏರುವ ಬಿಳಿ ಫಾರಂ ಕೋಳಿ. ದಾವಣಗೆರೆಯಿಂದ ಇನ್ನೂರು ಮರಿಗಳನ್ನು ರಟ್ಟಿನ ಡಬ್ಬಗಳಲ್ಲಿ ತುಂಬಿಸಿಕೊಂಡು ಬಸ್ಸಿನಲ್ಲಿ ತಂದರು. ಊರಿನವರೆಲ್ಲ ನೋಡಲು ಬಂದರು. ನಿನ್ನ ಅಜ್ಜಿ ಅಂತರಘಟ್ಟಮ್ಮನ ಬಾಯಿ ನಿನಗೆ ಗೊತ್ತಲ್ಲ, "ಕಾಯಾಕೆ ತಾಯಿ ಇಲ್ಲ, ಕರೆಯಾಕೆ ಹುಂಜ ಇಲ್ಲ, ಇದೆಂಥಾ ಕೋಳಿನೋ" ಎಂದಳು. ನೀನು ಒಂದೊಂದಕ್ಕೂ ಹೆಸರಿಡಲು ಹೊರಟು ಹತ್ತಕ್ಕೇ ಹೆಸರು ಮುಗಿದು ಅಳಲು ಕೂತೆ.

ಮರಿಗಳ ಕಾಲ ಕೆಳಗೆ ಭತ್ತದ ಹೊಟ್ಟು ಹಾಸಬೇಕು ಎಂದು ಮಾರಿದವನು ಹೇಳಿಯೇ ಕಳಿಸಿದ್ದ. ಹೊಟ್ಟು ಬೇಕೆಂದರೆ ಹೊನ್ನಾಳಿ ಕಡೆಯ ಮಿಲ್ಲಿಗೆ ಗಾಡಿ ಕಟ್ಟಬೇಕು. ನಮ್ಮೂರಿನಲ್ಲಿ ಆಗ ಅಡಿಕೆ ಸುಗ್ಗಿ. ನಾನು ಕೂಲಿಗೆ ಹೋಗುತ್ತಿದ್ದ ಮಹೇಶ್ವರಪ್ಪನವರ ಕಣದಲ್ಲಿ ಸುಲಿದ ಅಡಿಕೆ ಸಿಪ್ಪೆ ಆಳೆತ್ತರ ಬಿದ್ದಿತ್ತು. ಯಾರಿಗೂ ಬೇಡದ ಸಿಪ್ಪೆ. ಅದನ್ನು ಹಾಸಿದರೆ ಏನು ಕಡಿಮೆ ಎಂದು ಬುದ್ಧಿ ಹೇಳಿದವಳು ನಾನೇ. ಎರಡು ದಿನ ಬಿಸಿಲಿಗೆ ಹಾಕಿದೆ, ಮೇಲೆ ಒಣಗಿದಂತೆ ಕಂಡಿತು, ಬುಟ್ಟಿಯಲ್ಲಿ ಹೊತ್ತು ತಂದು ಶೆಡ್ಡಿನ ತುಂಬ ಹಾಸಿದೆ. ನಿಮ್ಮಪ್ಪ ನನ್ನ ಜಾಣತನವನ್ನು ಮಂಡಿಯಲ್ಲೆಲ್ಲ ಹೇಳಿಕೊಂಡು ಬಂದರು.

ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಮೇವು ಹಾಕಲು ಹೋದಾಗ ಇಪ್ಪತ್ತು ಮೂವತ್ತು ಕೋಳಿಗಳು ಎದ್ದು ಬರಲಿಲ್ಲ. ಕೂತಲ್ಲೇ ಕತ್ತು ಚಾಚಿದವು. ಎಬ್ಬಿಸಿದರೆ ಎರಡು ಹೆಜ್ಜೆ ಕುಂಟಿ ಮತ್ತೆ ಕೂತವು. ಒಂದನ್ನು ಎತ್ತಿ ಕಾಲು ಮಗುಚಿ ನೋಡಿದೆ. ಅಂಗಾಲಿನ ನಡುವೆ ಕಪ್ಪಗೆ ಹಕ್ಕಳೆ, ಕಾಲಾಣೆ ಅಗಲ. ಉಗುರಿನಿಂದ ಎಬ್ಬಿಸಿದರೆ ಒಳಗೆ ಕೆಂಪು ಗುಳಿ. ಇನ್ನೊಂದನ್ನು ಎತ್ತಿದೆ, ಅದೇ. ಮತ್ತೊಂದು, ಅದೇ.

ಕೈಯಲ್ಲಿದ್ದ ಕೋಳಿಯನ್ನು ಕೆಳಗೆ ಬಿಟ್ಟೆ, ಅಂಜಿನಿ. ಯಾಕೆಂದರೆ ಅಂಥದೇ ಒಂದು ಗುಳಿ ನನ್ನ ಎಡಗಾಲಿನಲ್ಲಿ, ಹೆಬ್ಬೆರಳ ಬುಡದಲ್ಲಿ, ಮೂರು ತಿಂಗಳಿನಿಂದ ಇತ್ತು.

ಅದು ಹೇಗೆ ಆಯಿತೆಂದು ನನಗೇ ಗೊತ್ತಿಲ್ಲ. ಮುಳ್ಳು ಎಂದುಕೊಂಡಿದ್ದೆ. ಅದಕ್ಕೂ ಮೊದಲು ಒಮ್ಮೆ ಅಡಿಕೆ ಸುಲಿಯುವಾಗ ಕತ್ತಿ ಆ ಕಾಲಿಗೆ ಬಿದ್ದಿತ್ತು. ಪಕ್ಕದಲ್ಲಿದ್ದ ಶಂಕ್ರಮ್ಮ, "ಅಯ್ಯೋ ರಕ್ತ ಕಣೇ!" ಎಂದು ಕೂಗಿದ ಮೇಲೆ ನಾನು ನೋಡಿದ್ದು. ಎಂಥಾ ಗಟ್ಟಿಗಿತ್ತಿ ಎಂದು ಹೆಂಗಸರೆಲ್ಲ ಹೊಗಳಿದರು, ನಾನೂ ಹಿಗ್ಗಿದೆ. ಪಾದದ ಮೇಲೆ ಒಂದು ಬಿಳಿಚಿದ ಮಚ್ಚೆಯೂ ಇತ್ತು. ಅಡಿಕೆ ಬೇಯಿಸಿದ ಚೊಗರಿನ ಕಂದು ಬಣ್ಣ ನಮ್ಮೆಲ್ಲರ ಕೈಕಾಲಿಗೂ ಹತ್ತಿರುತ್ತಿತ್ತಲ್ಲ, ಅದರಲ್ಲಿ ಮಚ್ಚೆ ಮುಚ್ಚಿಹೋಗಿತ್ತು.

ಚೊಗರು ಹಚ್ಚಿದರೆ ಗಾಯ ಬಿಗಿಯುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಒಂದು ಡಬ್ಬಿ ತುಂಬ ತಂದಿಟ್ಟು, ಹಳೇ ಬಟ್ಟೆ ಅದ್ದಿ, ಕೋಳಿಗಳ ಅಂಗಾಲಿಗೆ ಹಚ್ಚಿದೆ. ಅದೇ ಬಟ್ಟೆಯಿಂದ ನನ್ನ ಕಾಲಿಗೂ ಹಚ್ಚಿಕೊಂಡೆ. ಮೂರು ದಿನ ಹೀಗೆ ಮಾಡಿದೆ. ಗಾಯ ಬಿಗಿಯಲಿಲ್ಲ, ಕುಂಟುವ ಕೋಳಿಗಳು ನೂರು ದಾಟಿದವು.

ನಾಲ್ಕನೇ ದಿನ ಅಜ್ಜಿ ಶೆಡ್ಡಿಗೆ ಬಂದು ಒಂದು ಕೋಳಿಯ ಕಾಲು ಹಿಡಿದು ನೋಡಿದಳು. ಥಟ್ಟನೆ ಕೆಳಗೆ ಬಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ಇದು ದೊಡ್ಡರೋಗ ಕಣೇ ಹನುಮಂತಿ. ದೊಡ್ಡರೋಗದೋರು ಯಾರೋ ಇದರೊಳಗೆ ಕಾಲಿಟ್ಟವ್ರೆ. ಹೊರಗಿನೋರನ್ನ ಯಾರನ್ನ ಬಿಟ್ಟಿದ್ದೆ?" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನನ್ನ ಎಡಗಾಲು ತಾನಾಗಿಯೇ ಸೀರೆಯೊಳಗೆ ಸರಿಯಿತು. ಹೊರಗಿನವರು ಯಾರೂ ಬಂದಿರಲಿಲ್ಲ. ಬರಿಗಾಲಲ್ಲಿ ದಿನಕ್ಕೆ ನಾಲ್ಕು ಸಲ ಆ ಶೆಡ್ಡು ತುಳಿಯುತ್ತಿದ್ದವಳು ನಾನೊಬ್ಬಳೇ. ಒಂದೇ ಡಬ್ಬಿ, ಒಂದೇ ಬಟ್ಟೆ. ಇನ್ನೂರು ಮೂಕ ಜೀವಕ್ಕೆ ನಾನೇ ರೋಗ ಅಂಟಿಸಿದೆ, ನಾಳೆ ಅವನ್ನು ತಿನ್ನುವ ಮನೆಮನೆಗೂ ಅಂಟಿಸುತ್ತೇನೆ ಎಂದು ನನಗೆ ಖಾತ್ರಿಯಾಯಿತು.

ಈಗ ನಗು ಬರಬಹುದು ನಿನಗೆ. ಆವತ್ತು ಅದು ನಗುವ ಮಾತಾಗಿರಲಿಲ್ಲ. ದೊಡ್ಡರೋಗ, ಅಂದರೆ ಕುಷ್ಠ, ಬಂದವರಿಗೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡವಳು. ನ್ಯಾಮತಿಯ ನನ್ನ ತವರಿನಲ್ಲಿ ಒಬ್ಬ ಚಿಕ್ಕವ್ವ ಇದ್ದಳು, ಲಕ್ಷ್ಮಕ್ಕ. ಬೆರಳು ಮುದುರಿದವು ಎಂದು ಹೊಲದ ಬದುವಿನಲ್ಲಿ ಗುಡಿಸಲು ಹಾಕಿ ಅಲ್ಲಿಟ್ಟರು. ಗುಡಿಸಲಿನಿಂದ ಇಪ್ಪತ್ತು ಮಾರು ದೂರಕ್ಕೆ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ರೊಟ್ಟಿ ಇಟ್ಟು ಓಡಿ ಬರುವುದು ನನ್ನ ಕೆಲಸ. "ಲೇ ಹನುಮಂತೀ, ಒಂದೀಟು ನಿಲ್ಲೇ, ಮುಖ ನೋಡ್ತೀನಿ" ಎಂದು ಕೂಗುತ್ತಿದ್ದಳು. ನಾನು ನಿಲ್ಲುತ್ತಿರಲಿಲ್ಲ. ಅವಳಿಗೂ ಒಬ್ಬ ಮಗಳಿದ್ದಳು. ಆ ಹುಡುಗಿಯನ್ನು ಯಾರೂ ಮದುವೆಯಾಗಲಿಲ್ಲ.

ಆ ಕಲ್ಲು ನನ್ನ ಕಣ್ಣ ಮುಂದೆ ಬಂದು ಕೂತಿತು. ರೊಟ್ಟಿ ಇಟ್ಟು ಓಡುವವಳು ಈ ಸಲ ನೀನು.

ಮಾರನೇ ದಿನವೇ ಅದು ಆದದ್ದು. ನಿನ್ನ ಗದ್ದದ ಮೇಲಿನ ಕಲೆ ಇದೆಯಲ್ಲ, ಅದು. ಬೆಳಿಗ್ಗೆ ನೀನು ನನ್ನ ಹಿಂದೆಯೇ ಶೆಡ್ಡಿನೊಳಗೆ ನುಗ್ಗಿದೆ, ಬರಿಗಾಲು. ನಾನು "ಹೊರಗೆ ಹೋಗೇ!" ಎಂದು ಕಿರುಚಿದೆ. ಅಷ್ಟು ಜೋರಾಗಿ ಎಂದೂ ಕಿರುಚಿರಲಿಲ್ಲ. ಹೆದರಿ ಓಡುವಾಗ ಬಾಗಿಲ ಕಲ್ಲಿಗೆ ಎಡವಿ ಮುಖಕ್ಕೆ ಬಿದ್ದೆ. ಗದ್ದ ಸೀಳಿತು. ಎರಡೂ ಕೈ ಚಾಚಿ "ಅವ್ವಾ ಎತ್ತಿಕೋ" ಎಂದೆ. ನಾನು ನಿನ್ನಿಂದ ಎರಡು ಹೆಜ್ಜೆ ಆಚೆ ಇದ್ದೆ. ಕೈ ಹಿಂದಕ್ಕೆ ಕಟ್ಟಿಕೊಂಡು, "ಅತ್ತೇ, ಬೇಗ ಬರ್ರೀ" ಎಂದು ಕೂಗಿದೆ. ಅಜ್ಜಿ ಹಿತ್ತಲಿನಿಂದ ಬರುವವರೆಗೂ ನೀನು ಕೈ ಚಾಚಿಕೊಂಡೇ ಇದ್ದೆ. ಆಮೇಲೆ ಕೈ ಇಳಿಸಿದೆ. ಮತ್ತೆ ಎಂದೂ ನನ್ನ ಕಡೆ ಕೈ ಚಾಚಲಿಲ್ಲ.

ನೀನು ಅದನ್ನು ಮರೆತಿಲ್ಲ ಎಂದು ನನಗೆ ಗೊತ್ತು. ನಾನೂ ಮರೆತಿಲ್ಲ ಮಗಳೇ.

ಆ ಸಂಜೆ ನಿಮ್ಮಪ್ಪ ಚನ್ನಗಿರಿಯ ದನದ ಆಸ್ಪತ್ರೆಯಿಂದ ಕಾಂಪೌಂಡರ್ ಮರುಳಪ್ಪನವರನ್ನು ಸೈಕಲ್ ಮೇಲೆ ಕರೆತಂದರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಅವರ ಮನೆಯವರು ಕೋಳಿ ತಿನ್ನುವುದಿರಲಿ, ನಮ್ಮ ಕೇರಿಯಲ್ಲಿ ನೀರು ಕುಡಿದವರಲ್ಲ. ಆದರೆ ಶೆಡ್ಡಿಗೆ ಬಂದವರೇ ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಒಂದು ಕೋಳಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಹಾಸಿನ ಸಿಪ್ಪೆಯನ್ನು ಒಂದು ಹಿಡಿ ತೆಗೆದು ಹಿಂಡಿದರು. ಕಂದು ನೀರು ಇಳಿಯಿತು. ಮೂಗಿನ ಹತ್ತಿರ ಹಿಡಿದು ಮುಖ ಕಿವುಚಿದರು.

"ಜಯಪ್ಪ, ಯಾವನಯ್ಯ ಅಡಿಕೆ ಸಿಪ್ಪೆ ಹಾಸಾಕೆ ಹೇಳಿದೋನು? ಮೇಲೆ ಒಣಗಿದಂಗೆ ಕಾಣ್ತೈತೆ, ಒಳಗೆಲ್ಲ ನೀರು ಹಿಡಕಂಡೈತೆ. ಹಿಕ್ಕೆ ಬೇರೆ ಸೇರಿ ಸುಡ್ತಾ ಐತೆ. ಹಗಲೂ ರಾತ್ರಿ ಇದರ ಮ್ಯಾಲೆ ನಿಂತ್ರೆ ಕಾಲು ಕೊಳೀದೆ ಇನ್ನೇನಾಗ್ತೈತೆ?"

ನಿಮ್ಮಪ್ಪ ನನ್ನ ಕಡೆ ನೋಡಲಿಲ್ಲ, ಪುಣ್ಯಾತ್ಮ. ಅಜ್ಜಿ ಬಿಡಬೇಕಲ್ಲ. ದೊಡ್ಡರೋಗ ಅಲ್ಲವೇ ಎಂದು ಕೇಳಿಯೇಬಿಟ್ಟಳು. ಮರುಳಪ್ಪನವರು ನಕ್ಕರು. "ಅಮ್ಮ, ಮನುಷ್ಯನ ರೋಗ ಕೋಳಿಗೆ ಬರಲ್ಲ. ನೋಡಿಲ್ಲಿ" ಎಂದು ಆ ಕೋಳಿಯ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಕೋಳಿ ಕಿರುಚಿ ರೆಕ್ಕೆ ಬಡಿಯಿತು. "ಕೇಳಿದ್ರಾ? ನೋವೈತೆ ಇದಕ್ಕೆ. ನೋವಿಗೇ ಕುಂಟ್ತಾ ಐತೆ. ದೊಡ್ಡರೋಗದ ಹುಣ್ಣಾಗಿದ್ರೆ ಒತ್ತಿದ್ರೂ ಗೊತ್ತಾಗ್ತಿರಲಿಲ್ಲ. ನೋವೇ ಇರಲ್ಲ ಅದರಾಗೆ."

ಎಲ್ಲರ ಎದೆಯೂ ಹಗುರಾಯಿತು. ಅಜ್ಜಿ ಕೈ ಮುಗಿದಳು. ನಿಮ್ಮಪ್ಪ ಬೀಡಿ ಹಚ್ಚಿದರು. ನನ್ನದು ಮಾತ್ರ ಹಗುರಾಗಲಿಲ್ಲ. ಅಲ್ಲಿಯವರೆಗೆ, ಮುಳ್ಳಿರಬಹುದು, ಬರೀ ಗಾಯ ಇರಬಹುದು ಎಂಬ ಒಂದು ಎಳೆ ಆಸೆ ನನ್ನಲ್ಲಿತ್ತು. ಆ ಮಾತು ಕೇಳಿದ ಮೇಲೆ ಅದೂ ಹೋಯಿತು. ಗೇಣಗಲದ ಕೋಳಿ ಅಷ್ಟು ಸಣ್ಣ ಹುಣ್ಣಿಗೆ ಕುಂಟುತ್ತದೆ. ನಾನು ಅದರ ಮೂರು ಪಟ್ಟು ದೊಡ್ಡ ಹುಣ್ಣು ಇಟ್ಟುಕೊಂಡು ಬುಟ್ಟಿಗಟ್ಟಲೆ ಸಿಪ್ಪೆ ಹೊತ್ತಿದ್ದೆ, ಒಂದು ದಿನವೂ ಕುಂಟಿರಲಿಲ್ಲ.

ನಿಮ್ಮಪ್ಪ ಗಾಡಿ ಕೇಳಲು ಹೋದರು. ಅಜ್ಜಿ ನಿನ್ನನ್ನು ಎತ್ತಿಕೊಂಡು ಒಳಗೆ ಹೋದಳು. ಮರುಳಪ್ಪನವರು ಕೈ ತೊಳೆಯಲು ನೀರು ಕೇಳಿದರು. ಚೊಂಬು ಕೊಡುತ್ತ, ದೊಡ್ಡರೋಗದ ಹುಣ್ಣು ಒತ್ತಿದರೂ ನೋಯುವುದಿಲ್ಲವೇ ಎಂದು ಮತ್ತೆ ಕೇಳಿದೆ. ಅವರು ನನ್ನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು. "ಯಾವ ಕಾಲು ತಂಗಿ?" ಎಂದರು, ಅಷ್ಟೇ.

ಬಾಗಿಲ ಕಲ್ಲಿನ ಮೇಲೆ ಕೂರಿಸಿದರು. ಬೇಡ ಬೇಡ ಎಂದರೂ ಕೇಳದೆ ನನ್ನ ಪಾದವನ್ನು ಕೈಯಲ್ಲಿ ಹಿಡಿದರು. ನೆಲದಲ್ಲಿ ಬಿದ್ದಿದ್ದ ಒಂದು ಬಿಳಿ ಗರಿ ಎತ್ತಿಕೊಂಡರು. "ಕಣ್ಣು ಮುಚ್ಚು. ನಾನು ಮುಟ್ಟಿದಾಗೆಲ್ಲ ಹ್ಞೂಂ ಅನ್ನು" ಎಂದರು. ಮುಚ್ಚಿದೆ. ಕಾದೆ. ಮನೆಯೊಳಗೆ ನೀನು ಅಳುವುದು ಕೇಳುತ್ತಿತ್ತು. ಇವರು ಇನ್ನೂ ಯಾಕೆ ಶುರು ಮಾಡಲಿಲ್ಲ ಎಂದುಕೊಂಡೆ. ತುಂಬ ಹೊತ್ತಾಯಿತು ಎನಿಸಿ ಕಣ್ಣು ಬಿಟ್ಟೆ. ಗರಿ ನನ್ನ ಅಂಗಾಲಿನ ಮೇಲೆಯೇ ಇತ್ತು.

"ಇದು ಆರನೇ ಸಲ ತಂಗಿ" ಎಂದರು.

ನಾನು ಅವರ ಕಾಲಿಗೆ ಬಿದ್ದೆ. ಯಾರಿಗೂ ಹೇಳಬೇಡಿ, ನನ್ನ ಕೂಸಿಗೆ ಮದುವೆಯಾಗಲ್ಲ, ನನ್ನನ್ನು ಹೊಲದಲ್ಲಿ ಇಡ್ತಾರೆ ಎಂದು ಏನೇನೋ ಬಡಬಡಿಸಿದೆ. ಅವರು ಎಬ್ಬಿಸಿ ಕೂರಿಸಿದರು. ಅವರ ಅಣ್ಣನಿಗೂ ಇದೇ ಇತ್ತಂತೆ. ಮನೆಯವರು ಅಡಗಿಸಿಟ್ಟು, ಅಡಗಿಸಿಟ್ಟು, ಔಷಧಿ ಶುರು ಮಾಡುವ ಹೊತ್ತಿಗೆ ಬೆರಳು ಉಳಿದಿರಲಿಲ್ಲವಂತೆ. "ನಿಂದು ಈಗ ಹಿಡಿದ್ರೆ ಹೋಗ್ತೈತೆ. ಗಂಡನಿಗೆ ಹೇಳು. ಸೋಮವಾರ ಇಬ್ಬರೂ ಶಿವಮೊಗ್ಗದ ಆಸ್ಪತ್ರೆಗೆ ಹೋಗ್ರಿ. ಹೇಳದಿದ್ರೆ ನಾನೇ ಹೇಳ್ತೀನಿ" ಎಂದು ಗದರಿದರು.

ನಿಮ್ಮಪ್ಪನಿಗೆ ಹೇಳಿದೆ. ಅವರು ಎದ್ದು ಹೊರಗೆ ಹೋದಾಗ, ಮುಗಿಯಿತು, ಗುಡಿಸಲಿಗೆ ಗಳ ತರಲು ಹೋದರು ಎಂದುಕೊಂಡೆ. ವಾಪಸ್ಸು ಬಂದು ನೆಲದ ಮೇಲೆ ಹಳೇ ರಟ್ಟು ಹಾಕಿ, "ಇದರ ಮ್ಯಾಲೆ ಕಾಲಿಡು, ಅಳತೆ ತಗಂತೀನಿ. ಬರಿಗಾಲಾಗೆ ಅಡ್ಡಾಡಿದ್ರೆ ನೋಡು" ಎಂದರು. ಮೆತ್ತನೆ ರಬ್ಬರಿನ ಚಪ್ಪಲಿ ಮಾಡಿಸಿ ತಂದರು. ಅಜ್ಜಿಗೆ ಸಾಯುವವರೆಗೂ ಹೇಳಲಿಲ್ಲ. ಸೊಸೆ ಮಹಾರಾಣಿ ಮನೆಯೊಳಗೂ ಚಪ್ಪಲಿ ಮೆಟ್ಟುತ್ತಾಳೆ ಎಂದು ಅವಳು ಕೇರಿಗೆಲ್ಲ ಸಾರಿದ್ದು ನಿನಗೆ ನೆನಪಿರಬೇಕು.

ಶೆಡ್ಡಿನ ಸಿಪ್ಪೆಯನ್ನೆಲ್ಲ ತೆಗೆದು ಎಸೆದೆವು. ಹೊನ್ನಾಳಿಯ ಹೊಟ್ಟು ಬಂತು. ದಿನಾ ಬೆಳಿಗ್ಗೆ ಕೈಯಾಡಿಸಿ, ನೀರಿನ ಬಟ್ಟಲ ಸುತ್ತ ಒದ್ದೆಯಾದದ್ದನ್ನು ಗೋರಿ ತೆಗೆಯುತ್ತಿದ್ದೆ. ಮೂರು ವಾರದಲ್ಲಿ ಬಹಳಷ್ಟು ಕೋಳಿಗಳ ಹಕ್ಕಳೆ ಉದುರಿ ಹೊಸ ಚರ್ಮ ಬಂತು. ಹನ್ನೆರಡು ಎದ್ದೇಳಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ದಿನಕ್ಕೆ ಹತ್ತು ಕೋಳಿಯ ಅಂಗಾಲು ನೋಡದೆ ನಾನು ಕಾಫಿ ಕುಡಿದಿಲ್ಲ. ನೋಡಿ ಮುಗಿದ ಮೇಲೆ ನನ್ನದನ್ನು ನೋಡಿಕೊಳ್ಳುತ್ತೇನೆ.

ಇನ್ನು ನೀನು ಕೇಳುವುದು ಗೊತ್ತು. ಗುಳಿಗೆ ನುಂಗುವವರಿಂದ ಯಾರಿಗೂ ಬರುವುದಿಲ್ಲ, ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ ಎಂದು ಶಿವಮೊಗ್ಗದ ಡಾಕ್ಟರಮ್ಮ ಮೊದಲ ವರ್ಷವೇ ಹೇಳಿದ್ದರು. ಹಾಗಿದ್ದರೂ ಯಾಕೆ ಎತ್ತಿಕೊಳ್ಳಲಿಲ್ಲ? ಹೆದರಿಕೆ ಅಂಜಿನಿ, ಬೇರೇನೂ ಅಲ್ಲ. ಡಾಕ್ಟರಮ್ಮ ತಪ್ಪಿದ್ದರೆ ಎಂಬ ಹೆದರಿಕೆ. ಆಸ್ಪತ್ರೆಯಿಂದ ಬಸ್ಸಿನಲ್ಲಿ ಬರುವಾಗ, ಇವತ್ತು ಎತ್ತಿಕೊಳ್ಳುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಬರುತ್ತಿದ್ದೆ. ಅಂಗಳದಲ್ಲಿ ನಿನ್ನನ್ನು ಕಂಡ ಕೂಡಲೇ ಲಕ್ಷ್ಮಕ್ಕನ ಮುದುರಿದ ಬೆರಳು ಕಣ್ಣಿಗೆ ಬರುತ್ತಿತ್ತು. ಹೀಗೇ ಒಂದು ವರ್ಷ, ಎರಡು ವರ್ಷ ಹೋಯಿತು. ಆಮೇಲೆ ನೀನು ಎತ್ತಿಕೊಳ್ಳುವ ವಯಸ್ಸನ್ನೇ ದಾಟಿದೆ.

ಆದರೆ ನಿನ್ನನ್ನು ಮುಟ್ಟಲೇ ಇಲ್ಲ ಎಂದು ಮಾತ್ರ ಅನ್ನಬೇಡ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಅಮಾವಾಸ್ಯೆಯ ದಿನ ಕಣದ ಕೂಲಿಗೆ ರಜೆ, ನಿನಗೂ ತಲೆಗೆ ನೀರು ಹಾಕಿ ಊಟವಾದ ಮೇಲೆ ಮಧ್ಯಾಹ್ನ ಗಾಢ ನಿದ್ದೆ. ಆಗ ನಾನು ಒಂದು ಗರಿ ಹಿಡಿದು ನಿನ್ನ ಕಾಲ ಬುಡದಲ್ಲಿ ಕೂರುತ್ತಿದ್ದೆ. ಉಸಿರು ಬಿಗಿ ಹಿಡಿದು ಎಡ ಅಂಗಾಲಿಗೆ ಮುಟ್ಟಿಸುತ್ತಿದ್ದೆ. ನೀನು ನಿದ್ದೆಯಲ್ಲೇ ಕಾಲು ಝಾಡಿಸುತ್ತಿದ್ದೆ. ಬಲಕ್ಕೆ ಮುಟ್ಟಿಸಿದರೆ ಕಿಸಕ್ಕೆಂದು ನಗುತ್ತಿದ್ದೆ. ಆ ನಗು ಕೇಳಿದ ಮೇಲೆ ನನಗೆ ಮುಂದಿನ ಅಮಾವಾಸ್ಯೆವರೆಗೆ ಉಸಿರು. ಒಮ್ಮೆ, ನಿನಗೆ ಏಳು ವರ್ಷವಿರಬೇಕು, ಮುಟ್ಟಿಸಿದರೆ ನೀನು ಅಲುಗಾಡಲಿಲ್ಲ. ಮತ್ತೆ ಮುಟ್ಟಿಸಿದೆ, ಇಲ್ಲ. ಇನ್ನೊಂದು ಕಾಲಿಗೆ ಮುಟ್ಟಿಸಿದೆ, ಅಲ್ಲೂ ಇಲ್ಲ. ಆಮೇಲೆ ನೋಡಿದರೆ ನೀನು ಎಚ್ಚರವಾಗಿಯೇ ಇದ್ದು, ಹಲ್ಲು ಕಚ್ಚಿ ನಗು ತಡೆದುಕೊಂಡಿದ್ದೆ, ಕಳ್ಳಿ. "ಅವ್ವ ಕಚಗುಳಿ ಇಟ್ಳು" ಎಂದು ಅಜ್ಜಿಗೆ ಹೇಳಲು ಓಡಿದೆ. ನಾನು ಗೋಡೆಗೆ ಒರಗಿ ಅತ್ತೆ.

ಮದುವೆಯಾಗಿ ನೀನು ಜಗಳೂರಿಗೆ ಹೋಗಿ ಒಂದೂವರೆ ವರ್ಷ. ಹದಿನೆಂಟು ಅಮಾವಾಸ್ಯೆ ಕಳೆದಿವೆ. ಹೋದ ವರ್ಷ ಆಸ್ಪತ್ರೆಯಲ್ಲಿ ನನಗೆ ಚೀಟಿ ಕೊಟ್ಟಿದ್ದಾರೆ, ಪೂರ್ತಿ ವಾಸಿಯಾಗಿದೆ, ಇನ್ನು ಬರಬೇಡ ಎಂದು. ಎಡಗಾಲಿಗೆ ಮಾತ್ರ ಸ್ಪರ್ಶ ವಾಪಸ್ಸು ಬರಲಿಲ್ಲ, ಅದು ಬರುವುದಿಲ್ಲವಂತೆ. ಕೈ ಎರಡೂ ಚೆನ್ನಾಗಿವೆ. ಬಿಸಿ ಗೊತ್ತಾಗುತ್ತದೆ, ತಣ್ಣಗಿದ್ದದ್ದು ಗೊತ್ತಾಗುತ್ತದೆ. ಕೂಸಿಗೆ ಎರೆಯುವ ನೀರಿನ ಹದ ನೋಡಲು ಈ ಕೈ ಸಾಕು ಎಂದು ಧೈರ್ಯ ಮಾಡಿ ಹೇಳುತ್ತಿದ್ದೇನೆ. ಇಷ್ಟೆಲ್ಲ ಓದಿದ ಮೇಲೆ ನಿನ್ನ ಕೂಸನ್ನು ಈ ಕೈಗೆ ಕೊಡುವುದು ಬಿಡುವುದು ನಿನಗೆ ಸೇರಿದ್ದು. ಕೊಡದಿದ್ದರೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ರೊಟ್ಟಿ ಇಟ್ಟು ಓಡಿದವಳಿಗೆ ಸಿಟ್ಟು ಮಾಡುವ ಹಕ್ಕು ಎಲ್ಲಿಂದ ಬರುತ್ತದೆ?

ಆದರೆ ಒಂದು ಕೆಲಸ ಮಾಡು. ಈ ಕಾಗದದ ಮಡಿಕೆಯಲ್ಲಿ ಒಂದು ಬಿಳಿ ಗರಿ ಇದೆ, ಬಿಸಿನೀರಿನಲ್ಲಿ ತೊಳೆದು ಒಣಗಿಸಿದ್ದೇನೆ. ಅಳಿಯಂದಿರ ಕೈಗೆ ಕೊಡು. ಪಾಪಣ್ಣ ಒಳ್ಳೆಯ ಮನುಷ್ಯ, ಯಾಕೆ ಏನು ಎಂದು ಕೆದಕುವುದಿಲ್ಲ, ಹೆಂಡತಿಯ ಚೇಷ್ಟೆ ಎಂದುಕೊಳ್ಳುತ್ತಾರೆ. ನೀನು ಕಣ್ಣು ಮುಚ್ಚಿಕೊಂಡು ಕೂರು. ಎರಡೂ ಅಂಗಾಲಿಗೆ ಮುಟ್ಟಿಸಲಿ. ನಗು ತಡೆದುಕೊಳ್ಳಬೇಡ, ನಿನ್ನ ದಮ್ಮಯ್ಯ.

ನಿಮ್ಮಪ್ಪ ಚಹಾ ಕುಡಿದು ಹೊರಡುವಾಗ, "ಕಚಗುಳಿ ಆತು ಅಂತ ಅವ್ವಂಗೆ ಹೇಳಪ್ಪ" ಎಂದು ಎರಡೇ ಮಾತು ಹೇಳಿ ಕಳಿಸು. ನಿನ್ನ ಅತ್ತೆ ಪಕ್ಕದಲ್ಲಿ ನಿಂತಿದ್ದರೂ ಅವರಿಗೆ ಏನೂ ತಿಳಿಯುವುದಿಲ್ಲ. ನಾನು ಸಂಜೆ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತಿರುತ್ತೇನೆ. ಅವರು ಇಳಿದು ಆ ಮಾತು ಹೇಳುವವರೆಗೆ ನನಗೆ ನೀರೂ ಇಳಿಯದು.

ಎಲ್ಲ ತಾಯಂದಿರೂ ಮಗಳ ಕಾಲಿಗೆ ಮುಳ್ಳು ಚುಚ್ಚದಿರಲಿ ಎಂದು ಹರಸುತ್ತಾರೆ. ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ. ಮುಳ್ಳು ಚುಚ್ಚಲಿ ಮಗಳೇ, ನಿನಗೂ ನಿನ್ನ ಕೂಸಿಗೂ. ಚುಚ್ಚಿದ್ದು ಗೊತ್ತಾಗಲಿ. ಅಯ್ಯೋ ಎಂದು ಕೂಗಿ ಕುಂಟಿಕೊಂಡು ಬನ್ನಿ, ನೂರು ವರ್ಷ.

ಎರಡು ಹೆಜ್ಜೆ ಆಚೆ ನಿಂತಿರುವ,
ನಿನ್ನ ಅವ್ವ
ಹನುಮಂತಮ್ಮ